ಆಸೆ ಇರಲಿ, ಪರೀಕ್ಷೆಯೂ ಇರಲಿ

(ರಾಣೇಬೆನ್ನೂರಿನಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಹಾವೇರಿಯಲ್ಲಿ ಗಿರಣಿಯ ಹಿರಿಯರೊಬ್ಬರು ಕೇಳಿದರು: "ಮಾಸ್ತರ, ಕರೆಂಟು ಒಂಚೂರೂ ಹಾಳಾಗದಂಥಾ ತಂತಿ ಬರತೈತಂತ, ಖರೇ ಏನ್ರಿ? ಅದು ಬಂದ್ರ ನಮ್ಮ ಬಾಳೇವು ಬದಲಾಗತೈತೇನು?" ನಾನು ನಗಲಿಲ್ಲ. ಇದೇ ಆಸೆಗೆ ನಾನೂ ಒಮ್ಮೆ ಬಿದ್ದವನು.

ಹೊರೆ ಹೆಚ್ಚಾದರೆ ತಂತಿ ಬಿಸಿಯಾಗುವುದನ್ನು ನೀವು ಬಲ್ಲಿರಿ. ಆ ಬಿಸಿಯೇ ಲುಕ್ಸಾನಾದ ವಿದ್ಯುತ್ತು. ಅದರ ಬೆಲೆಯನ್ನು ಅಂಗಡಿಯ ಬಿಲ್ಲಿನಲ್ಲಿಯೂ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಬಾಡಿಗೆಯಲ್ಲಿಯೂ ನಾವೇ ತೆರುತ್ತೇವೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿದಾಗ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಥಟ್ಟನೆ ಮಾಯವಾಯಿತು. ಇದನ್ನು ಅತಿವಾಹಕತೆ ಎನ್ನುತ್ತಾರೆ. ಏಕೆ ಹೀಗೆ ಎಂಬುದಕ್ಕೆ ತೃಪ್ತಿಕರ ಉತ್ತರ ದೊರೆತದ್ದು 1957ರಲ್ಲಿ. ಇಂದು ಆಸ್ಪತ್ರೆಗಳ ಎಂಆರ್‌ಐ ಯಂತ್ರದ ಅಯಸ್ಕಾಂತ ಈ ಗುಣದಿಂದಲೇ ನಡೆಯುತ್ತದೆ. ಆದುದರಿಂದ ಕಾರಣ ತಿಳಿಯದ್ದೆಲ್ಲ ಸುಳ್ಳಲ್ಲ. ತೊಡಕು ಒಂದೇ: ಅಷ್ಟು ಚಳಿಯನ್ನು ಊರೂರ ಕಂಬಕ್ಕೆ ಒದಗಿಸಲಾಗದು.

2018ರ ಜುಲೈದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇವಕುಮಾರ ಥಾಪಾ ಮತ್ತು ಅಂಶು ಪಾಂಡೆ ಅವರು, ಬಂಗಾರದೊಳಗೆ ಬೆಳ್ಳಿಯ ಸೂಕ್ಷ್ಮ ಕಣ ಕೂಡಿಸಿದ ವಸ್ತುವಿನಲ್ಲಿ ಸೊನ್ನೆಗಿಂತ ಬರೀ 37 ಡಿಗ್ರಿ ಕೆಳಗೆ ಈ ಗುಣ ಕಂಡಿತೆಂದು ಪ್ರಕಟಿಸಿದರು. ಆಗ ನಾನು ಶಾಲೆಯಲ್ಲಿದ್ದೆ. ಮೆಟ್ರಿಕ್ ಓದಿದವನ ಉತ್ಸಾಹ! "ಮಕ್ಕಳೇ, ಲೋಕದ ಕತ್ತಲೆಯನ್ನು ಕನ್ನಡ ನಾಡು ನೀಗಿತು" ಎಂದು ಸಾರಿಬಿಟ್ಟೆ.

ಆಗಸ್ಟಿನಲ್ಲಿ ಅಮೆರಿಕದ ಬ್ರಯಾನ್ ಸ್ಕಿನ್ನರ್ ಒಂದು ವಿಚಿತ್ರವನ್ನು ತೋರಿಸಿದರು. ಬೇರೆ ಬೇರೆ ಅಳತೆಗಳಲ್ಲಿ ಉಪಕರಣದ ಅಡ್ಡಾದಿಡ್ಡಿ ನಡುಕವೂ ಒಂದೇ ತೆರನಾಗಿತ್ತು! ಎರಡು ಚೀಲಗಳನ್ನು ಬೇರೆ ಬೇರೆ ತೂಗಿದಾಗ ತಕ್ಕಡಿಯ ಮುಳ್ಳು ಎರಡು ಸಲವೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ರೀತಿ ನಡುಗಿದರೆ ನಮ್ಮ ದಲಾಲರು ಸುಮ್ಮನಿರುವರೇ? ನಾನು ಯಾರನ್ನೂ ಮೋಸಗಾರರೆನ್ನುವುದಿಲ್ಲ. 2019ರಲ್ಲಿ ಇನ್ನೂ ಹಲವರು ಸೇರಿ ಹೆಚ್ಚಿನ ಅಳತೆಗಳನ್ನು ಪ್ರಕಟಿಸಿದರು. ಆದರೂ ವಿಜ್ಞಾನಲೋಕ ಅದನ್ನು ಸಿದ್ಧವಾದ ಸತ್ಯವೆಂದು ಇಂದಿಗೂ ಒಪ್ಪಿಲ್ಲ. ಅದೇ ಮಕ್ಕಳ ಮುಂದೆ ನಿಂತು, "ನಾನು ಅವಸರ ಮಾಡಿದೆ" ಎಂದು ಹೇಳಬೇಕಾಯಿತು. ನಾಚಿಕೆಯಾಯಿತು, ಆದರೆ ಆ ದಿನದ ಪಾಠವೇ ನಾನು ಕಲಿಸಿದ ಒಳ್ಳೆಯ ಪಾಠ.

2023ರಲ್ಲಿ ದಕ್ಷಿಣ ಕೊರಿಯಾದವರು ಎಲ್‌ಕೆ-99 ಎಂಬ ವಸ್ತುವಿನ ಬಗೆಗೆ ಇದೇ ಮಾತು ಹೇಳಿದರು, ಮಾಡುವ ವಿಧಾನವನ್ನೂ ಹೇಳಿದರು. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ದೇಶದೇಶಗಳಲ್ಲಿ ಮಾಡಿ ನೋಡಿದರು. ಕೆಲವೇ ವಾರಗಳಲ್ಲಿ ತೀರ್ಪಾಯಿತು: ಅದು ಅತಿವಾಹಕವಲ್ಲ.

ದಸರೆಯಲ್ಲಿ ನಮ್ಮ ದೇವರಗುಡ್ಡದಲ್ಲಿ ಗೊರಪ್ಪ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ರೈತ ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. ಅದು ಭಕ್ತಿಯ ಮಾತು, ಇರಲಿ. ಪ್ರಯೋಗಶಾಲೆಯ ಮಾತು ಹಾಗಲ್ಲ. ಯಾರ ಕೈಯಲ್ಲಿ ಮಾಡಿದರೂ ಅದೇ ಫಲ ಬರಬೇಕು. ಬರದಿದ್ದರೆ ಎಷ್ಟು ದೊಡ್ಡವರು ನುಡಿದರೂ ಅದು ಸತ್ಯವಲ್ಲ.

ಇನ್ನು ಹಿರಿಯರ ಎರಡನೆಯ ಪ್ರಶ್ನೆ. ಅಂಥ ತಂತಿ ನಾಳೆ ಬಂದೇ ಬಂದಿತೆನ್ನಿ. ಉಳಿದ ವಿದ್ಯುತ್ತಿನ ಲಾಭ ಯಾರ ಗಲ್ಲೆಗೆ ಹೋಗುವುದು? ಉಗಿಯಂತ್ರ ಬಂದಾಗ ಕೂಲಿಗಾರನ ದುಡಿಮೆಯ ತಾಸು ತಾನಾಗಿ ಇಳಿಯಲಿಲ್ಲ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ತಾಸಿನ ಮಿತಿ ಹಾಕಿದ್ದರ ಹಿಂದೆ ಕಾರ್ಮಿಕರ ದೀರ್ಘ ಹೋರಾಟವಿತ್ತು. ಜನರ ತೆರಿಗೆಯಿಂದ ನಡೆದ ಸಂಶೋಧನೆಯ ಫಲ ಜನರಿಗೇ ಸಲ್ಲಬೇಕೆಂದು ಈಗಲೇ ಹೇಳೋಣ.

ಸಂಶೋಧನೆಗೆ ಹಣ ಕೊಡಿ ಎಂದು ಕೇಳೋಣ. ಫಲವನ್ನು ಬಯಲಿಗಿಟ್ಟು ತೋರಿಸಿ ಎಂದೂ ಕೇಳೋಣ. ಆದರೆ ಆ ತಂತಿ ಬರುವತನಕ ಪಗಾರದ ಪ್ರಶ್ನೆಯನ್ನು ಕಟ್ಟಿಡುವುದು ಬೇಡ.