ತೆರಿಗೆಯ ಎಲ್ಲೆ, ಸರ್ಕಾರದ ಎಲ್ಲೆ

ಹೊಸದುರ್ಗದಲ್ಲಿ ನಮ್ಮ ತಂದೆಗೆ ಕೊಬ್ಬರಿಯ ಸಣ್ಣ ವ್ಯಾಪಾರವಿತ್ತು. ಹೊಳಲ್ಕೆರೆಯಲ್ಲಿ ವಕೀಲರಾಗಿದ್ದ ನಮ್ಮ ಸೋದರಮಾವ ಬಂದಾಗಲೆಲ್ಲ ಮುಂಬಯಿಯಿಂದ ತರಿಸಿದ ತೆಳುವಾದ ಇಂಗ್ಲಿಷ್ ಹೊತ್ತಿಗೆಯೊಂದು ಅವರ ಕೈಯಲ್ಲಿರುತ್ತಿತ್ತು. ‘ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಸಂಸ್ಥೆಯ ಪ್ರಕಟಣೆಗಳವು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮಾವ ಅದನ್ನು ಕನ್ನಡದಲ್ಲಿ ವಿವರಿಸುವರು, ತಂದೆ ಕೇಳುವರು. ತೆರಿಗೆ ಎಷ್ಟಿರಬೇಕು, ಸರ್ಕಾರ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಹೈಸ್ಕೂಲು ಹುಡುಗನಾಗಿದ್ದ ನನ್ನ ಕಿವಿಗೆ ಮೊದಲು ಬಿದ್ದುದು ಅಲ್ಲಿಯೇ.

ಆ ಸಂಸ್ಥೆಯನ್ನು 1956ರಲ್ಲಿ ಸ್ಥಾಪಿಸಿದವರು ಮುಂಬಯಿಯ ಉದ್ಯಮಲೋಕದ ಹಿರಿಯರಾದ ಎ. ಡಿ. ಶ್ರಾಫ್. 1944ರ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋಗಿದ್ದವರು. ವಿಚಿತ್ರವೆಂದರೆ, ಅದೇ ವರ್ಷ ಎಂಟು ಮಂದಿ ಪ್ರಮುಖರು ಹೊರತಂದ ‘ಬಾಂಬೆ ಯೋಜನೆ’ಗೆ ಅವರೂ ಸಹಿ ಹಾಕಿದ್ದರು. ದೇಶದ ಬಡತನ ನೀಗಲು ಸರ್ಕಾರದ ಕೈ ದೊಡ್ಡದಾಗಬೇಕೆಂದು ಒಪ್ಪಿದ್ದ ಯೋಜನೆಯದು. ಹನ್ನೆರಡೇ ವರ್ಷಗಳಲ್ಲಿ, ಜೀವವಿಮೆ ರಾಷ್ಟ್ರೀಕರಣಗೊಂಡ ವರ್ಷವೇ, ಆ ಕೈಯನ್ನು ತಡೆಯಬೇಕೆಂದು ಅವರು ಕಿರುಹೊತ್ತಿಗೆಗಳನ್ನು ಅಚ್ಚುಹಾಕಿಸತೊಡಗಿದರು. ಸಂಪತ್ತು ಹುಟ್ಟದೆ ಹಂಚುವುದು ಹೇಗೆ, ಉಳಿತಾಯವನ್ನೆಲ್ಲ ತೆರಿಗೆ ನುಂಗಿದರೆ ಮುಂದಿನ ಬಂಡವಾಳ ಎಲ್ಲಿಂದ ಬರಬೇಕು ಎಂಬುದು ಅವರ ಪಕ್ಷದ ವಾದ.

ಶ್ರಾಫ್ 1965ರಲ್ಲಿ ತೀರಿಕೊಂಡರು. ಅವರ ಭಯ ಸುಳ್ಳಾಗಲಿಲ್ಲ. 1973-74ರಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ಆದಾಯದ ಮೇಲೆ ಸರ್ಚಾರ್ಜೂ ಸೇರಿ ಶೇಕಡಾ 97.75ರಷ್ಟು ತೆರಿಗೆಯಿತ್ತು. ನೂರು ರೂಪಾಯಿ ದುಡಿದವನ ಕೈಯಲ್ಲಿ ಉಳಿಯುವುದು ಎರಡೂಕಾಲು ರೂಪಾಯಿ! ಇಂಥ ಕಾನೂನು ಖಜಾನೆಯನ್ನು ತುಂಬುವುದಕ್ಕಿಂತ ಸುಳ್ಳು ಲೆಕ್ಕವನ್ನೇ ಹೆಚ್ಚು ಬೆಳೆಸುತ್ತದೆ ಎಂದು ಮಾವ ಹೇಳುತ್ತಿದ್ದರು.

ನಮ್ಮ ಚಿತ್ರದುರ್ಗವೂ ಈ ವಾದದಿಂದ ದೂರವಿರಲಿಲ್ಲ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾದ ಜೆ. ಮೊಹಮ್ಮದ್ ಇಮಾಂ ಅವರನ್ನು ಇಲ್ಲಿಯ ಮತದಾರರು 1967ರಲ್ಲಿ ಮತ್ತೆ ಆರಿಸಿದರು, ಈ ಸಲ ರಾಜಾಜಿಯವರ ಸ್ವತಂತ್ರ ಪಕ್ಷದಿಂದ. ಆಗ ಮುಖ್ಯಮಂತ್ರಿಗಳಾಗಿದ್ದವರು ಇದೇ ದುರ್ಗದ ವಕೀಲರಾದ ಎಸ್. ನಿಜಲಿಂಗಪ್ಪನವರು, ಕಾಂಗ್ರೆಸ್ಸಿನವರು. ನಮ್ಮ ಜನ ಪಕ್ಷದ ಸಿದ್ಧಾಂತಕ್ಕಿಂತ ಮನುಷ್ಯನನ್ನು ನೋಡಿ ಮತ ಹಾಕಿದರೆಂದೇ ನನ್ನ ಎಣಿಕೆ.

ತಂದೆಯೂ ಅಂಥವರೇ. ಒಮ್ಮೆ ಮಾರಾಟ ತೆರಿಗೆಯ ಕಾಗದವೊಂದಕ್ಕಾಗಿ ಒಂದು ಕಚೇರಿಗೆ ಮೂರು ದಿನ ಅಲೆದು, ಕೊನೆಗೆ ಗುಮಾಸ್ತನ ಮೇಜಿನ ಮುಂದೆ ಸಂಜೆಯವರೆಗೆ ನಿಂತು ಬಂದಿದ್ದರು. ಮಾವ ಆ ರಾತ್ರಿ, “ನೋಡಿದಿರಾ ಭಾವ, ಶ್ರಾಫ್ ಹೇಳಿದ್ದು ಇದನ್ನೇ” ಎಂದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆರಿಗೆ ಕೊಟ್ಟದ್ದಕ್ಕೆ ನನಗೆ ದುಃಖವಿಲ್ಲ. ಕೊಟ್ಟವನೇ ಕೈಕಟ್ಟಿ ನಿಲ್ಲಬೇಕಾಯಿತಲ್ಲ, ಅದಕ್ಕೆ ದುಃಖ. ಆದರೆ ಹಿರಿಯೂರಿನ ಮಾರಿಕಣಿವೆಯನ್ನು ಯಾವ ಸಾಹುಕಾರ ಕಟ್ಟಿಸುತ್ತಿದ್ದ, ನೀವೇ ಹೇಳಿ” ಎಂದರು. ಮಾವ ಉತ್ತರಿಸಲಿಲ್ಲ.

ಮೈಸೂರು ಸಂಸ್ಥಾನವು ವೇದಾವತಿಗೆ ಕಟ್ಟಿದ ಆ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. ತನ್ನ ಜೀವಮಾನದಲ್ಲಿ ಲಾಭ ಕಾಣಬಯಸುವ ವರ್ತಕ ಅದಕ್ಕೆ ಹಣ ಹಾಕಲಾರ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ದೀರ್ಘಕಾಲ ಕಾಯಬಲ್ಲುದು ಸಮಾಜವೊಂದೇ.

ಕಾಳಿದಾಸನು ‘ರಘುವಂಶ’ದಲ್ಲಿ ದಿಲೀಪನ ತೆರಿಗೆಯನ್ನು ಸೂರ್ಯನು ನೀರು ಹೀರುವುದಕ್ಕೆ ಹೋಲಿಸಿದ್ದಾನೆ, ಹೀರುವುದು ಮಳೆಯಾಗಿ ಹಿಂತಿರುಗಿಸಲಿಕ್ಕೆ. ತರಗತಿಯಲ್ಲಿ ಈ ಉಪಮೆಯನ್ನು ಹೇಳುವಾಗಲೆಲ್ಲ ಬಯಲುಸೀಮೆಯ ನನಗೆ ಒಳಗೊಳಗೇ ಅಳುಕು. ನಮ್ಮಲ್ಲಿ ಸೂರ್ಯ ಹೀರುವುದು ವರ್ಷವೆಲ್ಲ. ಮಳೆಯಾಗಿ ಸುರಿಯುವುದು ಅಪರೂಪ.

2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಹಳೆಯ ಮಾರಾಟ ತೆರಿಗೆಯ ತನಿಖಾ ಠಾಣೆಗಳು ಹೋದವು. ಆದರೆ ಸಾಬೂನು ಕೊಳ್ಳುವ ಕೂಲಿಯವಳೂ ತೆರಿಗೆ ಕೊಡುತ್ತಾಳೆ. ಆದುದರಿಂದ ಶ್ರಾಫರ ಪ್ರಶ್ನೆ ಇಂದು ಉದ್ಯಮಿಗಳದು ಮಾತ್ರವಲ್ಲ, ಅವಳದೂ ಹೌದು. ಸರ್ಕಾರ ಚಿಕ್ಕದಾಗಿರಬೇಕೋ ದೊಡ್ಡದಾಗಿರಬೇಕೋ ಎಂಬುದಕ್ಕಿಂತ, ಹೀರಿದ ನೀರಿನ ಲೆಕ್ಕವನ್ನು ಅವಳಿಗೆ ಒಪ್ಪಿಸುತ್ತದೆಯೋ ಇಲ್ಲವೋ ಎಂಬುದು ನನಗೆ ಮುಖ್ಯ. ಆ ಲೆಕ್ಕ ಕೇಳುವಾಗ ಅವಳು ಯಾವ ಮೇಜಿನ ಮುಂದೆಯೂ ಕೈಕಟ್ಟಿ ನಿಲ್ಲುವಂತಾಗಬಾರದು.

(ಆಕಾಶವಾಣಿ ಭಾಷಣ)