ದುರ್ವಾಸನೆ ಮರವೂ ಪೇಟೆಂಟ್ ಹಕ್ಕೂ
(ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಮಲೆನಾಡಿನ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಸಹ್ಯಾದ್ರಿಯ ಕಾಡುಗಳಲ್ಲಿ ದುರ್ವಾಸನೆ ಮರವೆಂಬ ಸಣ್ಣ ಮರವೊಂದಿದೆ. ಹೆಸರೇ ಹೇಳುವಂತೆ, ಅದನ್ನು ಅಂಗಳದಲ್ಲಿ ನೆಟ್ಟು ಬೆಳೆಸುವವರು ವಿರಳ. ಆದರೆ ಪುಟ್ಟೇನಹಳ್ಳಿಯಿಂದ ಕೆಲವೇ ಮೈಲಿ ದೂರದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಇರಿನೋಟೆಕಾನ್, ಟೋಪೋಟೆಕಾನ್ ಔಷಧಿಗಳ ಮೂಲದ್ರವ್ಯವಾದ ಕ್ಯಾಂಪ್ಟೋಥೆಸಿನ್ ಈ ಮರದಲ್ಲಿದೆ.

ಈ ದ್ರವ್ಯವನ್ನು 1966ರಲ್ಲಿ ಅಮೆರಿಕದ ವಾಲ್ ಮತ್ತು ವಾನಿ ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ಮರದಲ್ಲಿಯೂ ಕಂಡರು. ಎರಡೂ ಶೋಧಗಳು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿ ಎಲ್ಲರಿಗೂ ತೆರೆದಿದ್ದವು. ಮೂಲದ್ರವ್ಯ ನೀರಿನಲ್ಲಿ ಕರಗದು. ಕರಗುವಂತೆ ಮಾರ್ಪಡಿಸಿದ ಕಂಪನಿಗಳು ಪೇಟೆಂಟ್ ಪಡೆದವು. 1996ರಲ್ಲಿ ಅಮೆರಿಕ ಎರಡೂ ಔಷಧಿಗಳಿಗೆ ಅನುಮತಿ ನೀಡಿತು. ಮುಕ್ತ ಸಂಶೋಧನೆಯ ಹೊಲದಲ್ಲಿ ಬೆಳೆದ ಫಲಕ್ಕೆ ಕೊನೆಯಲ್ಲಿ ಬೇಲಿ ಬಿದ್ದಿತು. ಇತ್ತ ದ್ರವ್ಯವು ಬೇರು, ಕಾಂಡಗಳಲ್ಲಿ ಇರುವುದರಿಂದ ಮರವನ್ನೇ ಕಡಿದು ಮಾರುವ ವ್ಯಾಪಾರ ಘಟ್ಟದಲ್ಲಿ ಬೆಳೆಯಿತು.

ಅರಿಸಿನದ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಾಯ ಮಾಯಿಸುವ ಅರಿಸಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟಿತು. 1997ರಲ್ಲಿ ಅದು ರದ್ದಾಯಿತು. ಅಜ್ಜಿಯ ಬಾಯಿಮಾತು ಅಲ್ಲಿ ನಡೆಯುತ್ತಿರಲಿಲ್ಲ, ಬರೆದದ್ದೇ ನಡೆದದ್ದು. ಆದರೆ ದುರ್ವಾಸನೆ ಮರದ ವಿಷಯದಲ್ಲಿ ಈ ಅಸ್ತ್ರ ಕೆಲಸಕ್ಕೆ ಬಾರದು. ಹಳೆಯ ಜ್ಞಾನವನ್ನು ಕದ್ದರೆ ದಾಖಲೆ ತಡೆಯುತ್ತದೆ. ಹೊಸ ಅಣುವನ್ನು ಕಟ್ಟಿದರೆ ತಡೆಯದು. ಅಲ್ಲಿ ಊರಿನ ಪಾಲು ಜ್ಞಾನದಿಂದಲ್ಲ, ಮರದಿಂದ ಬರಬೇಕು.

2002ರ ಜೀವವೈವಿಧ್ಯ ಕಾಯಿದೆ ಆ ಪಾಲಿನ ತತ್ತ್ವವನ್ನು ಒಪ್ಪಿದೆ. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಅದರ ದಾಖಲಾತಿ ಪುಸ್ತಕವೂ ಇರಬೇಕು. 2023ರ ತಿದ್ದುಪಡಿಯಾದರೋ ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಲಾಭಹಂಚಿಕೆಯಿಂದ ವಿನಾಯಿತಿ ನೀಡಿ, ಔಷಧೋದ್ಯಮಕ್ಕೆ ಹಿತವನ್ನೇ ಮಾಡಿದೆ. ದಾಖಲಾತಿಯ ಸ್ಥಿತಿಯೂ ಸಮಾಧಾನಕರವಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಾಗ, ದೇಶದ ಹಲವೆಡೆ ಪುಸ್ತಕಗಳು ಅವಸರದಲ್ಲಿ ತುಂಬಿದವು. ಅವಸರದ ಪುಸ್ತಕದಲ್ಲಿ ಮಾವು, ಹಲಸು ಇರುತ್ತವೆ. ನಾಟಿವೈದ್ಯರು ಬಲ್ಲ ಬಳ್ಳಿ ಇರುವುದಿಲ್ಲ.

ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಪಂಚಾಯಿತಿಯಲ್ಲಿ ಆ ಪುಸ್ತಕವನ್ನು ಕೇಳಿ ನೋಡಬೇಕು. ದುರ್ವಾಸನೆ ಮರ ಎಲ್ಲೆಲ್ಲಿದೆ, ಎಷ್ಟು ಉಳಿದಿದೆ, ಕಡಿದವರು ಯಾರಿಗೆ ಮಾರಿದರು ಎಂಬುದನ್ನು ಬರೆಯಿಸಬೇಕು. ನಾಟಿವೈದ್ಯರ ಔಷಧಿಯ ಪಾಕಕ್ರಮವನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಬರೆಯಕೂಡದು.