ಸಂಬಳಕ್ಕೆ ಕಾಯದ ಕೋಚ್



ಅಮೆರಿಕದ ಕಾಲೇಜು ಕ್ರೀಡೆ ಈಗ ದುಡ್ಡಿನ ಹೊಳೆ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ಕೋಚ್‌ಗೆ ಕುಲಪತಿಗಿಂತ ಹೆಚ್ಚು ಸಂಬಳ. ಅದೇ ದೇಶದಲ್ಲಿ, ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, 1942ರಿಂದ 1986ರವರೆಗೆ ಬೇಸ್‌ಬಾಲ್ ಕಲಿಸಿದ ರಾಡ್ ಡೇಡೋ ವರ್ಷಕ್ಕೆ ಒಂದು ಡಾಲರ್ ಸಂಬಳದವರೆಂದೇ ಹೆಸರಾದವರು.

ಹುಟ್ಟಿದ್ದು 1914ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಇದೇ ವಿಶ್ವವಿದ್ಯಾಲಯದ ಪರ ಆಡಿ, 1935ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ವೃತ್ತಿಪರ ತಂಡ ಸೇರಿದರು. ಅಲ್ಲಿ ಆಡಿದ್ದು ಎರಡೇ ಪಂದ್ಯ. ನಾಲ್ಕು ಸಲ ಬ್ಯಾಟ್ ಹಿಡಿದರು, ಒಂದು ಹಿಟ್ ಬಂತು. ಆಮೇಲೆ ಬೆನ್ನಿಗೆ ಪೆಟ್ಟಾಗಿ ಆಟಗಾರನ ಬದುಕು ಮುಗಿಯಿತು. ಹೊಟ್ಟೆಪಾಡಿಗೆ ಐನೂರು ಡಾಲರ್ ಹಾಕಿ ಲಾರಿ ಸಾಗಣೆ ಶುರುಮಾಡಿದರು. ಅದು ಬೆಳೆದು ದೊಡ್ಡ ಕಂಪನಿಯಾಯಿತು.

ಆ ಒಂದು ಡಾಲರ್ ಸಂಬಳವನ್ನು ತ್ಯಾಗವೆಂದು ಹಾಡಿ ಹೊಗಳುವ ಮೊದಲು ಸ್ವಲ್ಪ ನಿಲ್ಲೋಣ. ಲಾರಿ ಕಂಪನಿ ಇದ್ದವರು ಸಂಬಳ ಬಿಡಬಹುದು, ಮನೆ ಬಾಡಿಗೆ ಕಟ್ಟಬೇಕಾದ ಕೋಚ್ ಬಿಡಲಾರ. ಸೇವೆ ಮಾಡುವವನು ದುಡ್ಡಿನ ಮಾತೆತ್ತಬಾರದೆಂಬ ಚಾಳಿ ನಮ್ಮ ಸಂಘಸಂಸ್ಥೆಗಳಲ್ಲೂ ಇದೆ. ಡೇಡೋ ಅವರ ಹೆಸರು ಹೇಳಿ ಅದಕ್ಕೆ ನೀರೆರೆಯುವುದು ಬೇಡ. ನನ್ನ ಕುತೂಹಲ ಬೇರೆ. ಕೆಲಸ ಹೋದೀತೆಂಬ ಭಯವೇ ಇಲ್ಲದ ಕೋಚ್ ಹುಡುಗರನ್ನು ಹೇಗೆ ನಡೆಸಿಕೊಂಡಾರು?

ನಗುನಗುತ್ತಾ, ಆದರೆ ಬಿಗಿಯಾಗಿ. ಎದುರಿಗೆ ಬಂದವರೆಲ್ಲ ಅವರಿಗೆ ‘ಟೈಗರ್’. ತಂಡದೊಳಗೆ ಒಂದು ಅಣಕು ನ್ಯಾಯಾಲಯವೂ ಇತ್ತು. ಕೈಜಾರಿ ಚೆಂಡು ಬಿಟ್ಟವನಿಗೆ ಅಲ್ಲಿ ಮಾಫಿ; ಯೋಚಿಸದೆ ತಪ್ಪು ಮಾಡಿದವನಿಗೆ ದಂಡ. ನಿಮ್ಮಲ್ಲಿ ಕ್ರಿಕೆಟ್ ಬಲ್ಲವರೇ ಹೆಚ್ಚು, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಎದುರಾಳಿಗಳು ಒಂದೋ ಎರಡೋ ಬೇಸ್‌ಗಳಲ್ಲಿ, ಅಂದರೆ ಓಟದ ನಿಲ್ದಾಣಗಳಲ್ಲಿ, ಮುಂದೆ ಓಡಲು ಕಾದು ನಿಂತಿರುತ್ತಾರೆ. ಚೆಂಡು ನನ್ನ ಕಡೆ ಬಂದರೆ ಯಾವ ಬೇಸ್‌ಗೆ ಎಸೆಯಬೇಕು, ಯಾರನ್ನು ಔಟ್ ಮಾಡಬೇಕು, ಯಾರನ್ನು ಬಿಡಬೇಕು ಎಂಬುದನ್ನು ಪಿಚರ್ ಚೆಂಡೆಸೆಯುವ ಮೊದಲೇ ಫೀಲ್ಡರ್ ತೀರ್ಮಾನಿಸಿರಬೇಕು. ಚೆಂಡು ಕೈಗೆ ಬಂದ ಮೇಲೆ ಯೋಚಿಸುತ್ತ ನಿಂತರೆ ಕೆಟ್ಟಂತೆಯೇ. ಡೇಡೋ ಕಲಿಸಿದ್ದು ಹೆಚ್ಚಾಗಿ ಈ ಮುಂಚಿನ ಯೋಚನೆಯನ್ನು. ಹುಡುಗರು ಹೆದರಿಕೊಂಡಿದ್ದರೆ ಅದು ಬರುವುದಿಲ್ಲ; ನಗುವಿಗೆ ಅಲ್ಲಿ ಕೆಲಸವಿತ್ತು.

ಫಲ ಏನಾಯಿತೆಂದರೆ 1,332 ಗೆಲುವು, ಹನ್ನೊಂದು ಕಾಲೇಜು ವರ್ಲ್ಡ್ ಸೀರೀಸ್ ಕಿರೀಟ, ಅಂದರೆ ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಪಟ್ಟ. 1948ರ ಮೊದಲನೆಯದನ್ನು ಹಿರಿಯ ಕೋಚ್ ಸ್ಯಾಮ್ ಬ್ಯಾರಿ ಅವರ ಜೊತೆಗೂಡಿ ಗೆದ್ದದ್ದು. ಆಗ ಸೋತ ಯೇಲ್ ತಂಡದ ನಾಯಕ ಜಾರ್ಜ್ ಬುಷ್, ಮುಂದೆ ಅಧ್ಯಕ್ಷರಾದ ಹಿರಿಯ ಬುಷ್. 1970ರಿಂದ 1974ರವರೆಗೆ ಐದು ವರ್ಷ ಕಿರೀಟ ಬೇರೆಯವರ ಕೈಗೆ ಹೋಗಲೇ ಇಲ್ಲ.

ಆ ಐದರಲ್ಲಿ 1973ರದ್ದು ಹೆಚ್ಚುಕಡಿಮೆ ಕೈಬಿಟ್ಟೇ ಹೋಗಿತ್ತು. ವರ್ಲ್ಡ್ ಸೀರೀಸ್ ನಡೆಯುವ ಒಮಾಹಾದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯ ಎದುರಾಳಿ. ಪಿಚಿಂಗ್ ಮಾಡುತ್ತಿದ್ದದ್ದು ಡೇವ್ ವಿನ್‌ಫೀಲ್ಡ್: ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಮೂರರ ವೃತ್ತಿಪರ ತಂಡಗಳೂ ಆ ವರ್ಷ ಆಯ್ದುಕೊಂಡ ಆಳು. ಅವರು ಹದಿನೈದು ಸಲ ಸ್ಟ್ರೈಕ್‌ಔಟ್, ಅಂದರೆ ಬರೀ ಪಿಚಿಂಗ್‌ನಿಂದಲೇ ಔಟ್, ಮಾಡಿದ್ದರು. ಕೊನೆಯ, ಒಂಬತ್ತನೆಯ ಇನ್ನಿಂಗ್ಸ್‌ಗೆ ಬಂದಾಗ ಡೇಡೋ ತಂಡ 7–0 ಹಿಂದೆ. ಆ ಒಂದೇ ಸರದಿಯಲ್ಲಿ ಎಂಟು ರನ್ ಬಂದು ಪಂದ್ಯ 8–7 ಆಯಿತು. ಮಿನ್ನೆಸೋಟದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬರೀ ಅದೃಷ್ಟ ಅನ್ನುವವರು ಅನ್ನಲಿ. ಏಳು ರನ್ ಹಿಂದಿದ್ದರೂ ತಲೆ ಕೆಡಿಸಿಕೊಳ್ಳದೆ ಆಡುವುದು ರಾತ್ರೋರಾತ್ರಿ ಬರುವ ವಿದ್ಯೆಯಲ್ಲ.

ಡೇಡೋ ಅವರ ಕೈಯಡಿಯಲ್ಲಿ ಆಡಿ ಮುಂದೆ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಹೆಸರಾದವರ ಪಟ್ಟಿ ಉದ್ದವಿದೆ: ಟಾಮ್ ಸೀವರ್, ಫ್ರೆಡ್ ಲಿನ್, ರ್‍ಯಾಂಡಿ ಜಾನ್ಸನ್, ಮಾರ್ಕ್ ಮೆಕ್‌ಗ್ವೈರ್. ಸೀವರ್‌ಗೆ ವಿದ್ಯಾರ್ಥಿವೇತನ ಸುಮ್ಮನೆ ಸಿಗಲಿಲ್ಲ. ಮೊದಲು ಬೇಸಿಗೆಯಲ್ಲಿ ಅಲಾಸ್ಕಾದ ತಂಡವೊಂದರಲ್ಲಿ ಆಡಿ ತೋರಿಸು ಎಂದರು ಡೇಡೋ. ಫುಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ಬಂದಿದ್ದ ಲಿನ್ ಬೇಸ್‌ಬಾಲ್‌ಗೆ ಹೊರಳಿದರು. ಪಿಚರ್ ಆಗಿ ಬಂದ ಮೆಕ್‌ಗ್ವೈರ್ ಬ್ಯಾಟ್ ಹಿಡಿದು 1984ರ ಋತುವಿನಲ್ಲಿ ಸಿಕ್ಸರ್‌ನಂಥ ಹೋಮ್ ರನ್ 32 ಹೊಡೆದರು.

ಆಗ ಸೇವೆಯ ಮಾತೆತ್ತಿದ್ದೆ. ಡೇಡೋ ಅವರ ನಿಜವಾದ ಸೇವೆ ಕ್ಯಾಂಪಸ್ ದಾಟಿ, ಸಮುದ್ರವನ್ನೂ ದಾಟಿತ್ತು ಎಂದು ನನಗೆ ಅನ್ನಿಸುತ್ತದೆ. ಎರಡನೆಯ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ, 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಕಾಲೇಜು ಹುಡುಗರ ಅಮೆರಿಕ ತಂಡವನ್ನು ಪ್ರದರ್ಶನ ಪಂದ್ಯಕ್ಕೆ ಕರೆದೊಯ್ದರು. 1972ರಲ್ಲಿ ಶುರುವಾದ ಅಮೆರಿಕ–ಜಪಾನ್ ಕಾಲೇಜು ಸರಣಿಯ ಹಿಂದೆಯೂ ಅವರಿದ್ದರು. ಎರಡು ದೇಶಗಳ ವಿದ್ಯಾರ್ಥಿಗಳು ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಆಡುವ ಪರಿಪಾಠ ಹೀಗೆ ಬೆಳೆಯಿತು. ಬೇಸ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಇರಬೇಕೆಂದು ಅವರು ದಶಕಗಳ ಕಾಲ ದುಡಿದರು. 1984ರ ಲಾಸ್ ಏಂಜಲೀಸ್ ಕೂಟದಲ್ಲಿ ಅದು ಮತ್ತೆ ಪ್ರದರ್ಶನ ಕ್ರೀಡೆಯಾಯಿತು, ಈ ಸಲ ಎಂಟು ತಂಡಗಳೊಡನೆ. ಸ್ವಂತ ಊರಿನ ಡಾಡ್ಜರ್ ಸ್ಟೇಡಿಯಂ, ಡೇಡೋ ನಡೆಸಿದ ಅಮೆರಿಕ ತಂಡದಲ್ಲಿ ಮೆಕ್‌ಗ್ವೈರ್, ಬ್ಯಾರಿ ಲಾರ್ಕಿನ್, ವಿಲ್ ಕ್ಲಾರ್ಕ್. ಗೆಲುವು ಖಚಿತವೆಂದೇ ಎಲ್ಲರ ಎಣಿಕೆ. ಫೈನಲ್‌ನಲ್ಲಿ ಜಪಾನ್ 6–3ರಿಂದ ಗೆದ್ದಿತು. ಎರಡು ವರ್ಷದ ಬಳಿಕ ಡೇಡೋ ನಿವೃತ್ತರಾದರು. 1992ರಲ್ಲಿ, ಬಾರ್ಸಿಲೋನಾದಲ್ಲಿ, ಬೇಸ್‌ಬಾಲ್‌ಗೆ ಒಲಿಂಪಿಕ್ ಪದಕ ಬಂತು. ಅದನ್ನು ಕಂಡು ಡೇಡೋ ಇನ್ನೂ ಹದಿಮೂರು ವರ್ಷ ಬದುಕಿದ್ದರು.